ಎದೆ ಡವಗುಟ್ಟದ ದಿನಗಳು

ಮರ್ಫಿ ಟೌನ್, ಬೆಂಗಳೂರು
೧೭ ನವೆಂಬರ್ ೨೦೨೪

ಪ್ರೀತಿಯ ರೀ,

ನಿಮ್ಮ ಹೆಸರು ಬರೆಯಲು ಹೋದೆ, ಯಾರಿಗೋ ಅರ್ಜಿ ಬರೆಯುತ್ತಿರುವ ಹಾಗೆ ಅನ್ನಿಸಿತು. ಅದಕ್ಕೇ ಮನೆಯಲ್ಲಿ ಕರೆಯುವ ಹಾಗೇ ಕರೆದಿದ್ದೇನೆ. ಕ್ಷೇಮವಾಗಿದ್ದೀರಲ್ಲ? ಅಲ್ಲಿ ಹಿಮ ಬೀಳಲು ಶುರುವಾಗಿರಬೇಕು. ಉಣ್ಣೆಯ ಕಾಲುಚೀಲ, ಚಟ್ನಿಪುಡಿ ತಲುಪಿತೆಂದು ಬರೆದಿದ್ದೀರಿ, ಸಮಾಧಾನವಾಯಿತು. ಪುಡಿಯನ್ನು ಎಲ್ಲರಿಗೂ ಹಂಚಿ ನೀವು ಬರಿಗೈಯಲ್ಲಿ ಕೂತಿರುತ್ತೀರಿ ಎಂದೂ ಗೊತ್ತು.

ನಿಮ್ಮ ಪತ್ರ ದೀಪಾವಳಿಗೆ ಮೊದಲೇ ಕೈಸೇರಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಬೇಸರಪಟ್ಟುಕೊಳ್ಳಬೇಡಿ. ಬರೆಯಲು ಕೂತಾಗಲೆಲ್ಲ ಅರ್ಧಕ್ಕೇ ಹರಿದು ಹಾಕುತ್ತಿದ್ದೆ. "ಫೋನಿನಲ್ಲಿ ಒಂದು ಮಾತೂ ಆಡಲಿಲ್ಲ, ನನ್ನ ಮೇಲೆ ಕೋಪವಾ ಹೇಮಾ?" ಎಂದು ಕೇಳಿದ್ದೀರಿ. ಕೋಪ ಇರಲಿಲ್ಲ. ಏನಿತ್ತು ಎನ್ನುವುದನ್ನು ಮೊದಲಿನಿಂದ ಹೇಳಬೇಕು. ಗಾಬರಿಯಾಗದೆ ಓದಿ. ಈಗ ಚೆನ್ನಾಗಿದ್ದೇನೆ.

ನೀವು ರಜೆ ಮುಗಿಸಿ ಗಡಿಗೆ ಹೋದ ಮೇಲೆ ನನ್ನ ಸ್ಕೂಟರ್ ಕ್ಲಾಸು ಚೆನ್ನಾಗಿಯೇ ನಡೆಯುತ್ತಿತ್ತು. ಇಂದಿರಾನಗರದ ಆಫೀಸುಗಳ ಹುಡುಗಿಯರು, ಹಲಸೂರಿನ ಗೃಹಿಣಿಯರು ಬರುತ್ತಿದ್ದರು. ಜುಲೈನಲ್ಲಿ ಹೊಸದಾಗಿ ಸೇರಿದವರು ಜಹನಾರಾ. ಶಿವಾಜಿನಗರದಲ್ಲಿ ಲೈನಿಂಗ್ ಬಟ್ಟೆ, ದುಪಟ್ಟಾ ಮಾರುವ ಅಂಗಡಿ ಅವರದು. ಗಂಡ ಹಬೀಬ್ ತೀರಿಕೊಂಡ ಮೇಲೆ ತಾವೇ ನಡೆಸುತ್ತಿದ್ದಾರೆ. ಐವತ್ತು ದಾಟಿದೆ, ಜನ್ಮದಲ್ಲಿ ಸೈಕಲ್ಲೂ ತುಳಿದವರಲ್ಲ. ನಾನು ಹಿಂದಿನ ಹಿಡಿ ಹಿಡಿದು ಓಡಬೇಕು, ಅವರು ಮುಂದೆ ಕೂಗಬೇಕು. "ಹೇಮಾ, ಬಿಡ್ಬೇಡಮ್ಮಾ! ಅಲ್ಲಾ ಕಸಮ್, ನೀನು ಬಿಟ್ರೆ ನಾನು ಸೀದಾ ಗೋಡೆಗೇ ಹೋಗ್ತೀನಿ!"

ಒಂದು ಬೆಳಿಗ್ಗೆ ಹಾಗೆ ಓಡುತ್ತಿದ್ದಾಗ ನನ್ನ ಎದೆಯೊಳಗೆ, ಯಾರೋ ಜೀವಂತ ಕೋಳಿಯನ್ನು ಚೀಲಕ್ಕೆ ತುಂಬಿದ ಹಾಗೆ, ಏನೋ ಬಡಿದುಕೊಳ್ಳತೊಡಗಿತು. ನಿಂತೆ, ನಿಲ್ಲಲಿಲ್ಲ. ಕೂತೆ, ಆಗಲೂ ನಿಲ್ಲಲಿಲ್ಲ. ಕಣ್ಣು ಕತ್ತಲಾಯಿತು. ಜಹನಾರಾ ಹೇಗೋ ಗಾಡಿ ನಿಲ್ಲಿಸಿ, ಅದನ್ನು ಅಲ್ಲೇ ಬೀಳಿಸಿ, ನನ್ನನ್ನು ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಹೋದರು.

ಅಲ್ಲಿಯ ಡಾಕ್ಟರ್ ಸಿದ್ರಾ ಇಸಿಜಿ ಕಾಗದ ಹಿಡಿದುಕೊಂಡು ನಿಧಾನವಾಗಿ ತಿಳಿಸಿ ಹೇಳಿದರು. "ಹಾರ್ಟ್ ಗಟ್ಟಿಯಾಗೇ ಇದೆ ಹೇಮಶ್ರೀ. ವೈರಿಂಗ್‌ನಲ್ಲಿ ಸ್ವಲ್ಪ ಎಡವಟ್ಟಾಗಿದೆ, ಅಷ್ಟೆ. ಬಡಿತ ಹೀಗೆ ಓಡಿಹೋಗ್ದೇ ಇರೋಕೆ ದಿನಾ ಒಂದು ಮಾತ್ರೆ ತಗೋಬೇಕು."

ನಿಮಗೆ ಆಗಲೇ ತಿಳಿಸಬೇಕೆಂದಿದ್ದೆ. ಅತ್ತೆ ಹೊರಮಾವಿನಿಂದ ಬಂದವರು ಬೇಡವೆಂದರು. "ಅವ್ನು ಅಲ್ಲಿ ಬೆಟ್ಟದ್ ಮೇಲವ್ನೆ. ಹೇಳಿದ್ರೆ ಓಡ್ಬರಕ್ಕಾಯ್ತದಾ? ಸುಮ್ಕೆ ಅವ್ನ ನಿದ್ದೆ ಯಾಕ್ ಕೆಡಿಸ್ತೀಯೆ?" ಅವರ ಮೇಲೆ ಸಿಟ್ಟಾಗಬೇಡಿ. ಆಂಜನಮ್ಮನವರ ಮಗ ನೀವು, ನನಗಿಂತ ಚೆನ್ನಾಗಿ ಅವರು ನಿಮಗೆ ಗೊತ್ತು. ಹಾಗೆ ಹೇಳಿದ ದಿನ ಅಡುಗೆಮನೆಯಲ್ಲಿ ಒಬ್ಬರೇ ಅತ್ತಿದ್ದಾರೆ.

ಮಾತ್ರೆ ಕೋಳಿಯನ್ನೇನೋ ಸುಮ್ಮನಾಗಿಸಿತು, ಜೊತೆಗೆ ನನ್ನನ್ನೂ ಸುಮ್ಮನಾಗಿಸಿಬಿಟ್ಟಿತು. ಕೈಕಾಲು ಸದಾ ತಣ್ಣಗೆ. "ಫ್ರಿಜ್ಜಿಂದ ತೆಗ್ದಂಗೈತಲ್ಲೇ" ಎಂದು ಅತ್ತೆ ನನ್ನ ಬೆರಳುಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಬಗ್ಗಿ ಎದ್ದರೆ ತಲೆ ಸುತ್ತು, ಅಡುಗೆ ಕಟ್ಟೆ ಹಿಡಿದು ನಿಲ್ಲಬೇಕು. ಹಾಲಿನ ಪ್ಯಾಕೆಟ್ ತಂದವಳು ಮೆಟ್ಟಿಲ ಮಧ್ಯದಲ್ಲೇ ಕೂತುಬಿಡುತ್ತಿದ್ದೆ. ಕೆಳಗಿನ ಮನೆಯವರು ನನ್ನನ್ನು ದಾಟಿಕೊಂಡು ಹೋಗುವಾಗ, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗುತ್ತಿದ್ದೆ. ಕನಸುಗಳಂತೂ ಎಷ್ಟು ಸ್ಪಷ್ಟವೆಂದರೆ, ಎದ್ದ ಮೇಲೆ ನಿಮ್ಮ ಶೇವಿಂಗ್ ಕ್ರೀಮಿನ ವಾಸನೆ ಹುಡುಕಿಕೊಂಡು ಬಚ್ಚಲಿಗೆ ಹೋಗಿದ್ದುಂಟು.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಇನ್ನೊಂದು. ಭಾನುವಾರ ನಿಮ್ಮ ಫೋನು ಬರುವ ಹೊತ್ತಿಗೆ ಮೊದಲೆಲ್ಲ ನನ್ನ ಎದೆ ಡವಡವ ಎನ್ನುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಪರೀಕ್ಷೆಗೆ ಹೋಗುವವಳ ಹಾಗೆ. ಮಾತ್ರೆ ಶುರುವಾದ ಮೇಲೆ ಫೋನು ಬಡಿದುಕೊಂಡರೂ ಎದೆ ಕದಲುತ್ತಿರಲಿಲ್ಲ. ನಿಮ್ಮ ದನಿ ಕೇಳಿ ಸಂತೋಷವಾಗಿದೆ ಎಂದು ತಲೆಗೆ ತಿಳಿಯುತ್ತಿತ್ತು, ಎದೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ನನಗೆ ಭಯವಾಯಿತು ರೀ. ಇದು ಮಾತ್ರೆಯ ಕೆಲಸವೋ, ಅಥವಾ ದೂರವಿದ್ದೂ ಇದ್ದೂ ನನ್ನೊಳಗೇ ಏನೋ ಆರಿಹೋಯಿತೋ?

ಜಹನಾರಾ ಹತ್ತಿರ ಹೇಳಿಕೊಂಡೆ. "ಪಾಗಲ್!" ಎಂದು ಬೈದರು. "ನಮ್ಮವ್ರು ಹೋಗಿ ಎಷ್ಟು ವರ್ಷ ಆಯ್ತು, ನನ್ ಎದೆ ಯಾವ ಮಾತ್ರೆನೂ ಇಲ್ದೇನೇ ಸುಮ್ನೆ ಇದೆ. ಹಂಗಂತ ನೆನಪು ಕಮ್ಮಿ ಆಗಿದ್ಯಾ? ಇವತ್ತೂ ಅಂಗ್ಡೀಲಿ ಚಾ ಎರಡು ತರಿಸ್ತೀನಿ, ಆಮೇಲೆ ಎರಡೂ ನಾನೇ ಕುಡೀತೀನಿ."

ಅವರ ಮಾತು ಕೇಳಬೇಕಿತ್ತು. ನಾನು ಕೇಳಲಿಲ್ಲ. ಆ ಅಕ್ಟೋಬರ್ ಭಾನುವಾರ ನಿಮ್ಮ ಫೋನು ಬರುವುದಿತ್ತಲ್ಲ, ಅದಕ್ಕಾಗಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೊದಲ ದಿನ ಮೈ ಹಗುರವಾಗಿತ್ತು. ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿದೆ, ಅಂಗೈ ಬೆಚ್ಚಗಾಯಿತು. ಬುದ್ಧಿವಂತೆ ಎಂದು ನನ್ನನ್ನೇ ಹೊಗಳಿಕೊಂಡೆ. ಭಾನುವಾರ ತಲೆ ಸ್ನಾನ ಮಾಡಿ, ಫೋನಿನಲ್ಲಿ ಯಾರಿಗೂ ಕಾಣದ ಹಸಿರು ಸೀರೆ ಉಟ್ಟು ಕೂತೆ.

ಫೋನು ಬಂತು. ಎದೆ ಹಾರಿತು. ಅಯ್ಯೋ, ಎಷ್ಟು ದಿನವಾಗಿತ್ತು ಎಂದು ನಕ್ಕೆ. "ಹೇಮಾ" ಎಂದಿರಿ ನೀವು. ಅಷ್ಟರಲ್ಲಿ ಅದು ಓಡತೊಡಗಿತ್ತು. ಹಿಂದಿನದಕ್ಕಿಂತ ಜೋರಾಗಿ, ಗಂಟಲಿನವರೆಗೂ. ನೆಲಕ್ಕೆ ಕುಸಿದೆ. ಫೋನು ಕಿವಿಗೇ ಇತ್ತು. ನೀವು ಹೇಳಿದ್ದೆಲ್ಲ ಕೇಳಿಸಿತು: ನೀರಿನ ಪೈಪು ಹೆಪ್ಪುಗಟ್ಟಿದ್ದು, ಅಡುಗೆಯವನು ಸಾರಿಗೆ ಸಕ್ಕರೆ ಹಾಕಿದ್ದು. "ಹಲೋ, ಕೇಳ್ತಿದ್ಯಾ?" ಎಂದು ಕೂಗಿದ್ದೂ ಕೇಳಿಸಿತು. ಉಸಿರು ಸಿಕ್ಕರೆ ತಾನೇ ಸ್ವರ ಹೊರಡುವುದು? ಲೈನು ಕಡಿಯಿತು. ಆಮೇಲೆ ನಿಮ್ಮ ಪೋಸ್ಟಿನ ಫೋನೇ ಕೆಟ್ಟುಹೋಯಿತೆಂದು ನೀವೇ ಬರೆದಿದ್ದೀರಿ.

ಮಧ್ಯಾಹ್ನದ ಕ್ಲಾಸಿಗೆಂದು ಕರೆಯಲು ಬಂದ ಜಹನಾರಾ ನನ್ನನ್ನು ನೋಡಿ ಇಡೀ ಬೀದಿಯನ್ನೇ ಎಬ್ಬಿಸಿದರು. ಆಸ್ಪತ್ರೆಯಲ್ಲಿ ಕೈನರಕ್ಕೆ ಇಂಜೆಕ್ಷನ್ ಕೊಟ್ಟರು. ಒಂದು ಕ್ಷಣ ಎದೆ ನಿಂತೇ ಹೋದ ಹಾಗಾಯಿತು. ಆಮೇಲೆ ಮೆಲ್ಲಗೆ ತನ್ನ ದಾರಿ ಹಿಡಿಯಿತು.

ಡಾಕ್ಟರ್ ಸಿದ್ರಾ ಅಂದು ನಿಜಕ್ಕೂ ಸಿಟ್ಟಾಗಿದ್ದರು. "ಈ ಮಾತ್ರೆ ಸಡನ್ನಾಗಿ ನಿಲ್ಲಿಸಿದ್ರೆ ಬಡಿತ ಇನ್ನೂ ಜೋರಾಗಿ ವಾಪಸ್ ಬರುತ್ತೆ. ಕಷ್ಟ ಆಗ್ತಿದೆ ಅಂತ ನನ್ನ ಹತ್ರ ಹೇಳ್ಬೇಕಿತ್ತಲ್ವಾ? ಡೋಸ್ ಕಮ್ಮಿ ಮಾಡ್ಬಹುದು, ಬೇರೆ ಮಾತ್ರೆ ಇದೆ. ನೀವು ಹೇಳ್ದೇ ನನಗೆ ಹೇಗೆ ಗೊತ್ತಾಗ್ಬೇಕು?" ಆಗ ತಣ್ಣನೆಯ ಕೈ, ಮೆಟ್ಟಿಲು, ಕನಸು ಎಲ್ಲವನ್ನೂ ಹೇಳಿದೆ. ನಿಮ್ಮ ಫೋನಿನ ವಿಷಯವನ್ನೂ ತಲೆ ತಗ್ಗಿಸಿ ಹೇಳಿದೆ. ಅವರು ನಗಲಿಲ್ಲ. "ಅದೂ ಮಾತ್ರೆಯಿಂದಾನೇ. ನಿಮ್ಮಿಂದ ಅಲ್ಲ," ಎಂದು ಬೇರೆ ಮಾತ್ರೆ ಬರೆದುಕೊಟ್ಟರು. ಅಷ್ಟು ಹೇಳಿಸಿಕೊಳ್ಳಲು ನಾನು ಎಲ್ಲಿಯವರೆಗೆ ಹೋಗಿ ಬಂದೆ ನೋಡಿ.

ಈಗ ಪರವಾಗಿಲ್ಲ. ಕೈ ಇನ್ನೂ ತಣ್ಣಗಿದೆ, ಆದರೆ ತಲೆಸುತ್ತು ಕಡಿಮೆ. ಏಳುವಾಗ ಹಾಸಿಗೆಯ ಮೇಲೆ ಸ್ವಲ್ಪ ಕೂತು ಏಳುತ್ತೇನೆ. ಕ್ಲಾಸು ಮತ್ತೆ ಶುರು ಮಾಡಿದ್ದೇನೆ. ಹಿಂದೆ ಓಡುವುದನ್ನು ಬಿಟ್ಟಿದ್ದೇನೆ. ಕಲಿಸಲು ಬೇರೆ ದಾರಿ ಹುಡುಕಿಕೊಂಡೆ. ಬದಿಯಲ್ಲಿ ನಿಂತು ಹೇಳುತ್ತೇನೆ, ಸ್ವಲ್ಪ ಕಲಿತವರ ಹಿಂದೆ ಕೂರುತ್ತೇನೆ. ಜಹನಾರಾ ಮೊನ್ನೆ ಶಿವಾಜಿನಗರದವರೆಗೂ ಒಬ್ಬರೇ ಗಾಡಿ ಓಡಿಸಿಕೊಂಡು ಹೋದರು. ರಸೆಲ್ ಮಾರ್ಕೆಟ್ ಮುಂದೆ ಅರ್ಧ ಬೀದಿಯನ್ನು ಸರಿಸಿ ಗಾಡಿ ನಿಲ್ಲಿಸಿದರಂತೆ.

ಹಲಸೂರಿನ ಸಂತೆಬೀದಿಗೆ ನಿಮ್ಮ ಆರ್ಮಿ ಸೆಂಟರಿನ ಹುಡುಗರು ಸಾಮಾನು ಕೊಳ್ಳಲು ಬರುತ್ತಾರೆ. ಹಿಂದಿನಿಂದ ನೋಡಿದರೆ ಒಬ್ಬೊಬ್ಬರ ಕುತ್ತಿಗೆಯೂ ನಿಮ್ಮದೇ: ಮೋಟಾಗಿ ಕತ್ತರಿಸಿದ ಕೂದಲು, ಬಿಸಿಲಿಗೆ ಕಂದಿದ ಚರ್ಮ. ನನ್ನ ಎದೆ ಜೋರಾಗುವುದಿಲ್ಲ. ಆದರೆ ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದು, ಅವರು ತಿರುವು ದಾಟುವವರೆಗೂ ನಿಂತಿರುತ್ತೇನೆ. ಸೊಪ್ಪಿನವಳು "ಏನಕ್ಕಾ, ಬೇಕಾ ಬೇಡ್ವಾ?" ಎಂದ ಮೇಲೇ ನನಗೆ ಎಚ್ಚರ. ಹಾಗಾಗಿ ಮೊದಲಿನ ಭಯ ಈಗಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಎಣ್ಣೆ ಹಚ್ಚದೆ ಸ್ನಾನ ಮಾಡಬಾರದಂತೆ, ಆ ಚಳಿಯಲ್ಲಿ ಸ್ನಾನವೇ ಇಲ್ಲವೆಂದು ನಾನು ಹೇಳಿಲ್ಲ. ಜಹನಾರಾ ಪ್ರತಿ ಶುಕ್ರವಾರ ನಿಮ್ಮ ಹೆಸರು ಹಿಡಿದು ದುವಾ ಮಾಡುತ್ತಾರೆ. ನಾನು ಬೇಡಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಬೆಚ್ಚಗಿರಿ.

ನಿಮ್ಮವಳು,
ಹೇಮಶ್ರೀ

ಮರೆತಿದ್ದಕ್ಕೆ ಬರೆಯುತ್ತಿರುವುದಲ್ಲ ಇದು. ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ, ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಆ ದಿನ ಲೈನು ಕಡಿಯುವ ಮೊದಲು ನೀವು ಕೇಳಿದಿರಿ, "ಪೆನ್ಷನ್‌ಗೆ ಬೇಕಾದ ಸರ್ವಿಸ್ ಮುಗೀತು ಹೇಮಾ. ಮಾರ್ಚ್‌ಗೆ ಮನೆಗೆ ಬಂದ್ಬಿಡ್ಲಾ, ಇಲ್ಲ ಇನ್ನೆರಡು ವರ್ಷಕ್ಕೆ ಸೈನ್ ಹಾಕ್ಲಾ? ನೀನು ಬೇಡ ಅಂದ್ರೆ ಹಾಕಲ್ಲ" ಎಂದು. ನಾನು ನೆಲದ ಮೇಲೆ ಬಿದ್ದುಕೊಂಡು "ಬೇಡ, ಬೇಡ" ಎನ್ನುತ್ತಿದ್ದೆ. ತುಟಿ ಅಲ್ಲಾಡಿತು, ನನಗೇ ಕೇಳಿಸಲಿಲ್ಲ. ನಿಮ್ಮ ಪತ್ರದಲ್ಲಿ "ನೀನು ಬೇಡ ಅನ್ನಲಿಲ್ಲ, ಅದಕ್ಕೇ ಸೈನ್ ಹಾಕಿದೆ" ಎಂದಿದೆ. ಹಾಕಿದ ಸಹಿಯನ್ನು ವಾಪಸ್ ಪಡೆಯಲು ಬರುತ್ತದೋ ಇಲ್ಲವೋ ನನಗೆ ತಿಳಿಯದು. ಬರುವುದಾದರೆ ಈ ಕಾಗದ ಓದಿದ ಕೂಡಲೇ ಕೇಳಿ. ಬಾರದಿದ್ದರೆ ಎರಡು ವರ್ಷ ಕಾಯುತ್ತೇನೆ. ಹೆಂಡತಿ ಒಪ್ಪಿದ್ದಳು ಎಂದು ಮಾತ್ರ ಅಲ್ಲಿ ಯಾರ ಹತ್ತಿರವೂ ಹೇಳಬೇಡಿ.