ಹ್ವಾಯ್ ಎಂದ ಮೇಲಿನ ಮಾತು

ಮುಂಬೈ
18 ಜನವರಿ 2026, ಭಾನುವಾರ

ದೇವು,

ನಾನು ಕಾಗದ ಬರೆದಿದ್ದೇನೆ ಎಂದರೆ ನೀನು ಮೊದಲು ನಗುತ್ತೀಯ. ನಗು. ಪಿಯುಸಿಯಲ್ಲಿ ರಜೆಯ ಅರ್ಜಿಯನ್ನೂ ನಿನ್ನ ಕೈಯಲ್ಲೇ ಬರೆಸುತ್ತಿದ್ದವನು ನಾನು. ನನ್ನ ಅಕ್ಷರ ಕಂಡರೆ ಒಣಮೀನಿಗೆ ಬಂದ ಕಾಗೆಯೂ ಹಾರಿಹೋಗುತ್ತದೆ ಎಂದು ನೀನೇ ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದ್ದೆ. ಅದು ಈಗಲೂ ಹಾಗೇ ಇದೆ.

ವಾರವಾರ ವಿಡಿಯೋ ಕರೆ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನನ್ನು ತಂಗಿ ಪ್ರೇಕ್ಷಾ ನಿನ್ನ ಮುಖಕ್ಕೆ ಹಿಡಿದು ನಿಂತಿರುತ್ತಾಳೆ. ನನ್ನ ದನಿ ಕೇಳಿದರೆ ಸಾಕು, ನಿನ್ನ ಅಮ್ಮ ಮೀನಿನ ಬುಟ್ಟಿ ಅಂಗಳದಲ್ಲೇ ಬಿಟ್ಟು ಒಳಗೆ ಬಂದು ‘ಉಂಡ್ಯಾ ಮಗ’ ಎನ್ನುತ್ತಾರೆ. ಹಾಗೆ ಕೇಳಿದವರ ಎದುರು ನನಗೆ ಬೇರೆ ಮಾತು ಹೊರಡುವುದಿಲ್ಲ. ಅಮ್ಮ ನಾವುಂದ ಪೇಟೆಗೆ ಮೀನು ಮಾರಲು ಹೋದ ಹೊತ್ತಿನಲ್ಲಿ ತಂಗಿಯ ಹತ್ತಿರ ಇದನ್ನು ಓದಿಸಿಕೋ.

ಕಳೆದ ಭಾನುವಾರ ನೀನು ಹೇಳಿದ್ದು ಇಡೀ ವಾರ ಕಿವಿಯಲ್ಲಿದೆ. ಬ್ರಹ್ಮಾವರದ ಫಿಸಿಯೋ ಇನ್ನು ಬರುವುದು ಬೇಡ ಎಂದರಂತೆ. ಕುತ್ತಿಗೆಯಿಂದ ಕೆಳಗೆ ಇಷ್ಟೇ, ಇದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರಂತೆ. ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದೆ. ಆಮೇಲೆ ನನ್ನ ಮುಖ ನೋಡಿ, ‘ನಾನೇ ಅಲ್ದಾ ಹ್ವಾಯ್ ಅಂದ್ ಚೆಂಡ್ ಕೇಂಡದ್ದ್. ನೀ ಕೊಟ್ಟೆ. ಮಾಡಿದ್ದುಣ್ಣೋ ಮಹಾರಾಯ. ನೀನ್ ಮನ್ಸಿಗ್ ಹಚ್ಕಣ್ಬೇಡ’ ಎಂದೆ. ಹಿಂದೆ ನಿಂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೌದು ಎನ್ನುವಂತೆ ತಲೆಯಾಡಿಸಿದರು. ನಾನು ನೆಟ್‌ವರ್ಕ್ ಇಲ್ಲ ಎಂದು ಕರೆ ಕಡಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಜಿತೇಂದ್ರ ಮಾಸ್ತರು ಮಿಲಿಟರಿ ಬಿಟ್ಟು ನಮ್ಮ ಕಾಲೇಜಿಗೆ ಆಟ ಕಲಿಸಲು ಬಂದಾಗ ತಂದ ಆ ಮೊಟ್ಟೆಯಾಕಾರದ ರಗ್ಬಿ ಚೆಂಡು ನೆನಪಿದೆಯಾ? ನಾವು ಕಬಡ್ಡಿಯವರು. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಇನ್ನೊಬ್ಬನಿಗೆ ಕೊಡುವುದಾದರೆ ಹಿಂದಿದ್ದವನಿಗೇ ಎಸೆಯಬೇಕು ಎಂದಾಗ ನನ್ನ ಮಂಡೆಗೆ ಅದು ಹೋಗಲೇ ಇಲ್ಲ. ನಿನಗೆ ಕೂಡಲೇ ಹೋಯಿತು. ಕೈರಂಪಣಿ ಎಳೆಯುವವರು ಹಿಂದೆ ಹಿಂದೆ ನಡೆದೇ ಬಲೆಯನ್ನು ದಡಕ್ಕೆ ತರುವುದಲ್ಲವಾ, ಹಾಗೆಯೇ ಇದು ಎಂದೆ. ಮಾಸ್ತರು ಅವತ್ತೇ ನಿನ್ನನ್ನು ನಾಯಕ ಮಾಡಿದರು. ನಾವಿಬ್ಬರೂ ಮುಂಬೈಯ ಕ್ಲಬ್ಬಿಗೆ ಹೊರಟಾಗ ನಿನ್ನ ಅಮ್ಮ ಆ ಚೆಂಡನ್ನು ಪಪ್ಪಾಯಿಗೆ ಹೋಲಿಸಿ, ‘ಈ ಬಪ್ಪಂಗಾಯಿ ಹಿಡ್ಕಂಡ್ ಓಡುಕೆ ಮುಂಬೈಗ್ ಹೋಯ್ಕಾ’ ಎಂದು ಬೈಯುತ್ತಲೇ ಸಿಗಡಿ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಿದ್ದರು.

ಈ ಆಟದಲ್ಲಿ ಚೆಂಡು ಹಿಡಿದು ಓಡುವವನಿಗೆ ಹಿಂದೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಹಿಂದಿನವನು ಕೂಗಿ ತಿಳಿಸಬೇಕು. ನೀನು ಹ್ವಾಯ್ ಎನ್ನುತ್ತಿದ್ದೆ, ನಾನು ತಿರುಗಿ ನೋಡದೆ ಕೊಡುತ್ತಿದ್ದೆ. ಮರಾಠಿ ಹುಡುಗರೂ ಪಂಜಾಬಿಗಳೂ ಅದನ್ನೇ ಕಲಿತರು. ಹ್ವಾಯ್ ಎಂದರೆ ‘ನಾನಿದ್ದೇನೆ, ಕೊಡು’ ಎಂದು ಕೋಚ್ ಬೋರ್ಡಿನ ಮೇಲೆ ಬರೆದರು. ಊರಿನಲ್ಲಿ ನಾವು ಒಬ್ಬರನ್ನೊಬ್ಬರು ಕರೆಯುವ ಒಂದು ಶಬ್ದ ಅಷ್ಟು ದೊಡ್ಡ ಮೈದಾನದಲ್ಲಿ ಓಡಾಡುವುದು ಕೇಳಿ ನನಗೆ ಎಷ್ಟು ಸಂತೋಷವಾಗಿತ್ತು.

ನಿನ್ನಿಂದ ಮುಚ್ಚಿಟ್ಟದ್ದನ್ನು ಇವತ್ತು ಹೇಳಿಬಿಡುತ್ತೇನೆ.

*

ನೀನು ಹ್ವಾಯ್ ಎಂದದ್ದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ‘ಹ್ವಾಯ್, ಕೊಡ್ಬ್ಯಾಡ’ ಎಂದೆ. ಎರಡು ಸಲ ಎಂದೆ. ನಾನು ಎರಡು ಸಲವೂ ಕೇಳಿಸಿಕೊಂಡೆ.

ಎದುರು ತಂಡದ ಆ ದೊಡ್ಡ ಆಳು ನಿನ್ನ ಮೇಲೆ ಕಣ್ಣಿಟ್ಟು ಓಡಿ ಬರುತ್ತಿದ್ದ. ಅದು ನಿನಗೆ ಕಂಡಿತ್ತು, ನನಗೂ ಕಂಡಿತ್ತು. ಇನ್ನೊಬ್ಬ ನನ್ನ ಮೇಲೆ ಬರುತ್ತಿದ್ದ. ಚೆಂಡು ಇಟ್ಟುಕೊಂಡಿದ್ದರೆ ಏಟು ನನಗೆ ಬೀಳುತ್ತಿತ್ತು. ಬಿದ್ದಿದ್ದರೆ ಏನಾಗುತ್ತಿತ್ತು, ಪಕ್ಕೆಲುಬು ಮುರಿಯುತ್ತಿತ್ತೇನೋ. ಆದರೆ ಆ ದಿನ ಹೊಸ ಲೀಗಿಗೆ ಆಟಗಾರರನ್ನು ಆರಿಸುವವರು ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಎದುರು ಕೆಳಗೆ ಬೀಳಬಾರದು ಎಂದು ನನಗೆ ಹೆದರಿಕೆಯಾಯಿತು. ಕೊಟ್ಟುಬಿಟ್ಟೆ. ಬಂದ ಚೆಂಡನ್ನು ಬಿಡುವುದು ನಿನಗೆ ಗೊತ್ತಿಲ್ಲ, ಕೈ ಚಾಚಿದೆ. ಅಷ್ಟರಲ್ಲಿ ಅವನು ಬಂದಾಗಿತ್ತು.

ಮರುದಿನ ಕೋಚ್ ಎಲ್ಲರನ್ನೂ ಕೂರಿಸಿ ಆ ವಿಡಿಯೋ ಹಾಕಿದರು. ಹ್ವಾಯ್ ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲಿನದು ಗಲಾಟೆಯಲ್ಲಿ ಅರ್ಧ ಮುಳುಗಿದೆ. ಅದೇನು ಎಂದು ಅವರು ನನ್ನನ್ನೇ ಕೇಳಿದರು. ಅಷ್ಟು ಜನರಲ್ಲಿ ಕನ್ನಡ ಬರುವವನು ನಾನೊಬ್ಬನೇ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳಲೂ ಇಲ್ಲ ನಾನು, ‘ಬೇಗ ಕೊಡು ಎಂದ ಸರ್’ ಎಂದೆ. ಅವರು ಅದನ್ನೇ ಬರೆದುಕೊಂಡರು.

ಹನ್ನೊಂದನೇ ದಿನ ನಿನಗೆ ಎಚ್ಚರವಾದಾಗ ಅವತ್ತು ಬೆಳಿಗ್ಗೆ ತಿಂದ ಅವಲಕ್ಕಿಯ ತನಕ ಮಾತ್ರ ನೆನಪಿತ್ತು. ಎಂತಾಯ್ತು ಎಂದು ಕೇಳಿದೆ. ಕೋಚಿಗೆ ಹೇಳಿದ ಸುಳ್ಳನ್ನೇ ನಿನಗೂ ಹೇಳಿದೆ, ನಿನ್ನ ಅಮ್ಮನಿಗೂ ಹೇಳಿದೆ. ಅವತ್ತಿನಿಂದ ನಿಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹ್ವಾಯ್ ಎಂದು ಕರೆಯುವುದಿಲ್ಲವಂತೆ. ನೀನೊಬ್ಬ ಮಾತ್ರ ಇನ್ನೂ ಕರೆಯುತ್ತೀಯ, ಅದೂ ನನ್ನನ್ನು.

ಕ್ಷಮೆ ಕೇಳುವುದಿಲ್ಲ. ಕೇಳದೆಯೇ ನೀನು ಕೊಟ್ಟಾಗಿದೆ, ಸುಳ್ಳನ್ನು ನಂಬಿ. ತಪ್ಪು ನಿನ್ನದಲ್ಲ ಎಂಬುದೊಂದು ನಿನಗೆ ಗೊತ್ತಾಗಲಿ. ಗೊತ್ತಾದರೂ ನಿನ್ನ ಬೆರಳೊಂದು ಅಲುಗುವುದಿಲ್ಲ, ಅದೂ ನನಗೆ ಗೊತ್ತು.

*

ಇನ್ನು ನನ್ನ ಆಟದ ಸುದ್ದಿ. ‘ಈ ವಾರ ಎಷ್ಟ್ ಜನ್ರನ್ ಕೆಡ್ಗಿದೆ’ ಎಂದು ನೀನು ಪ್ರತಿ ಸಲ ಕೇಳುತ್ತೀಯ. ನಾನು ನಾಲ್ಕು ಜನರನ್ನು ಕೆಡವಿದೆ ಎನ್ನುತ್ತೇನೆ, ಐದು ಎನ್ನುತ್ತೇನೆ. ಎಲ್ಲಾ ಸುಳ್ಳು. ಸಂಬಳದ ಆಟಗಾರನಾಗಿ ಎರಡು ಸೀಸನ್ ಆಯಿತು, ಮೈದಾನಕ್ಕೆ ಇಳಿದದ್ದು ಏಳು ಸಲ. ಉಳಿದ ದಿನಗಳಲ್ಲಿ ಹೆಸರು ಬರೆದ ಜೆರ್ಸಿ ಹಾಕಿಕೊಂಡು ಬೆಂಚಿನ ಮೇಲೆ ಕೂತು ಬೇರೆಯವರಿಗೆ ನೀರು ಕೊಡುತ್ತೇನೆ. ಅಮ್ಮ ನಿನ್ನ ಮಂಚದ ಎದುರು ಗೋಡೆಗೆ ಹಾಕಿರುವ ಫೋಟೋದಲ್ಲಿ ನಾನು ಓಡುತ್ತಿದ್ದೇನಲ್ಲ, ಅದು ಅಭ್ಯಾಸದ ದಿನ ತೆಗೆದದ್ದು.

ಯಾರಾದರೂ ಎದುರಿಗೆ ಬಂದರೆ ನನ್ನ ಕೈ ಚೆಂಡನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎಂದೂ ನೋಡುವುದಿಲ್ಲ. ಈ ಆಟದಲ್ಲಿ ಎಲ್ಲ ಕಲಿಸಬಹುದು, ಏಟು ತಿನ್ನುವ ಮನಸ್ಸನ್ನು ಕಲಿಸಲು ಬರುವುದಿಲ್ಲ ಎಂದು ಹೊಸ ಕೋಚ್ ಹೇಳಿದರು. ಮಾರ್ಚ್‌ಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಮೊನ್ನೆ ತಿಳಿಸಿದ್ದಾರೆ. ‘ಇಬ್ರ ಆಟನೂ ನೀನೇ ಆಡ್’ ಎಂದು ನನ್ನ ಹತ್ತಿರ ಆಣೆ ಮಾಡಿಸಿಕೊಂಡಿದ್ದೆ. ಒಬ್ಬನ ಆಟವೂ ನನ್ನಿಂದ ಆಗಲಿಲ್ಲ.

ಏಪ್ರಿಲಿನಲ್ಲಿ ಊರಿಗೆ ಬರುತ್ತೇನೆ. ತೆಕ್ಕಟ್ಟೆಯಲ್ಲಿ ಚಿಕ್ಕಪ್ಪನ ಐಸ್ ಪ್ಲಾಂಟಿನಲ್ಲಿ ಒಬ್ಬ ಜನ ಬೇಕಂತೆ. ನಾವುಂದಕ್ಕೆ ಬಂದು ನಿನ್ನ ಮಂಚದ ಹತ್ತಿರ ಕೂರಲು ನನಗೆ ಆದೀತೋ ಇಲ್ಲವೋ ಗೊತ್ತಿಲ್ಲ. ಬರಲಿಲ್ಲ ಎಂದರೆ ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ ಎಂದು ತಿಳಿ. ಅಮ್ಮನಿಗೆ ನಾನು ಉಂಡಿದ್ದೇನೆ ಎಂದು ಹೇಳು.

ಎಂದಿನ ನಿನ್ನ,
ಪದ್ದು

ತಾ.ಕ.: ಪ್ರೇಕ್ಷಾ, ಈ ಚೀಟಿ ನಿನಗೊಬ್ಬಳಿಗೆ, ಮೊದಲು ಕಾಣಲಿ ಎಂದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ದೇವುವಿಗೆ ಕಾಗದ ಹಿಡಿಯಲಾಗದು, ಗಟ್ಟಿಯಾಗಿ ಓದಿ ಹೇಳಬೇಕಾದವಳು ನೀನೇ. ಆಸ್ಪತ್ರೆಯ ವರದಿ ಓದುವಾಗ ಕೊನೆಯ ಹಾಳೆಯನ್ನು ಮೆಲ್ಲಗೆ ಮಡಚಿ ‘ಇಷ್ಟೇ ಇಪ್ಪುದ್ ಅಣ್ಣ’ ಎಂದೆಯಲ್ಲ, ಅದನ್ನು ನಾನು ಫೋನಿನಲ್ಲಿ ಕಂಡಿದ್ದೆ. ಹಾಳೆಗಳಿಗೆ ನಂಬರು ಹಾಕಿಲ್ಲ. ‘ನೀನು ಹ್ವಾಯ್ ಎಂದದ್ದು ನಿಜ’ ಎಂದು ಶುರುವಾಗುವ ನಡುವಿನ ಹಾಳೆಯನ್ನು ತೆಗೆದಿಟ್ಟರೂ ಹಿಂದಿನದು ಮುಂದಿನದು ಕೂಡಿಕೊಳ್ಳುತ್ತವೆ, ಅವನಿಗೆ ಗೊತ್ತಾಗುವುದಿಲ್ಲ. ಹಾಗೆ ಕೂಡುವಂತೆ ಬರೆಯಲು ನನಗೆ ಒಂದು ವಾರ ಹಿಡಿಯಿತು. ಅವತ್ತು ಅವನಿಗೆ ಕೊಟ್ಟ ಹಾಗೆಯೇ ಇವತ್ತು ನಿನ್ನ ಕೈಗೆ ಕೊಡುತ್ತಿದ್ದೇನೆ. ಅವನು ಬೇಡ ಎಂದಾದರೂ ಎಂದಿದ್ದ, ನಿನಗೆ ಅದಕ್ಕೂ ಸಮಯ ಕೊಟ್ಟಿಲ್ಲ. ಕಾಗದ ಮುಟ್ಟಿದ ಮೇಲಿನ ಭಾನುವಾರ ಅವನು ಎಂದಿನಂತೆ ‘ಹ್ವಾಯ್ ಪದ್ದು’ ಎಂದರೆ, ನೀನು ಆ ಹಾಳೆ ಓದಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಅವನು ಹಾಗೆಯೇ ಕರೆಯಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ.