ಆಕಾಶದ ಊಟಕ್ಕೆ ಅತ್ತೆಯ ಗೊಜ್ಜು

ಸಗಮಿಹಾರಾ, ಜಪಾನ್
೨೬ ಸೆಪ್ಟೆಂಬರ್ ೨೦೨೧

ಪ್ರೀತಿಯ ಅತ್ತೆಯವರಿಗೆ ನೀರಜಾ ಮಾಡುವ ನಮಸ್ಕಾರಗಳು.

ಎರಡನೇ ಲಸಿಕೆ ಹಾಕಿಸಿಕೊಂಡ ಮೇಲೆ ತೋಳಿನ ನೋವು ಇಳಿಯಿತೇ? ಮಾವನವರು ಮಾಸ್ಕನ್ನು ಗಡ್ಡಕ್ಕೆ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆಂದು ಕೇಳಿದೆ. ಮೂಗೂ ಅವರದೇ ಎಂದು ಸ್ವಲ್ಪ ನೆನಪಿಸಿ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಗ ಮನೆಯಿಂದಲೇ ಕೆಲಸ ಮಾಡಿ ಮಾಡಿ, ಮೀಟಿಂಗಿಗೆ ಮೇಲೆ ಶರ್ಟು, ಕೆಳಗೆ ಪಂಚೆ ಎಂಬ ವೇಷಕ್ಕೆ ಒಗ್ಗಿಹೋಗಿದ್ದಾರೆ.

ಹೋದ ವಾರ ನಾಲ್ವರು ಸಾಮಾನ್ಯರು ಖಾಸಗಿ ನೌಕೆಯಲ್ಲಿ ಮೂರು ದಿನ ಭೂಮಿ ಸುತ್ತಿ ಬಂದದ್ದನ್ನು ಟಿವಿಯಲ್ಲಿ ನೋಡಿರಬೇಕು. ಮೈಸೂರಿಗೆ ಬಂದರೆ ವಾಪಸು ಜಪಾನಿನೊಳಗೆ ಬಿಡುತ್ತಾರೋ ಇಲ್ಲವೋ ಎಂದು ನಾವು ಹೆದರಿ ಕೂತಿದ್ದರೆ, ಅವರು ಆಕಾಶಕ್ಕೇ ಹೋಗಿಬಂದರು! ಅಂಥ ಪ್ರಯಾಣಿಕರಿಗೆ ಊಟ ತಯಾರಿಸುವುದೇ ನಮ್ಮ ಪುಟ್ಟ ಕಂಪನಿಯ ಆಸೆ. ಸಸ್ಯಾಹಾರದ ಜವಾಬ್ದಾರಿ ನನ್ನದು. ಶುಕ್ರವಾರದ ರುಚಿ ಪರೀಕ್ಷೆಯಲ್ಲಿ ನನ್ನ ಅಡುಗೆ ಪಾಸಾಗದಿದ್ದರೆ ಮಾರ್ಚಿಗೆ ನನ್ನ ಕೆಲಸ ಮುಗಿಯುತ್ತಿತ್ತು.

ನಿಮ್ಮ ಪುಳಿಯೋಗರೆಯನ್ನೇ ನಂಬಿದೆ. ಎಡೋಗಾವಾದ ಭಾರತೀಯ ಅಂಗಡಿಯಿಂದ ಹುಣಿಸೆಹಣ್ಣು ತಂದು ಲ್ಯಾಬಿನಲ್ಲೇ ಗೊಜ್ಜು ಕುದಿಸುತ್ತಿದ್ದಾಗ, ಕೊರೊನಾಕ್ಕಾಗಿ ದಿನವೂ ಜ್ವರ ನೋಡುವವರು ಬಾಗಿಲಿಗೆ ಕರೆದರು. ಹೋಗಿಬಂದವಳು ಖಾರದಪುಡಿ ಹಾಕಿದ್ದನ್ನು ಮರೆತು ಇನ್ನೊಮ್ಮೆ ಧಾರಾಳವಾಗಿ ಹಾಕಿದೆ. ಬೇರೆ ಯಾರಾದರೂ ಆಗಿದ್ದರೆ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. "ದೇವರಿಗಿಡೋಕ್ ಮುಂಚೆ ರುಚಿ ನೋಡಿದ್ರೆ ಎಂಜಲಾಗತ್ತೆ ಕಣಮ್ಮ" ಎಂದು ನೀವು ಕಲಿಸಿದ್ದು ಕೈಗೇ ಅಂಟಿಬಿಟ್ಟಿದೆ. ಆಹಾರ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿಯೂ ರುಚಿ ನೋಡದೆ ಒಣಗಿಸಿ ಪ್ಯಾಕೆಟ್ ಮಾಡಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಮೇಲಧಿಕಾರಿ ಮೊರಿತಾ ಸಾನ್ ಮೊದಲ ತುತ್ತು ತಿಂದರು. ಮುಖ ಟೊಮೇಟೊ ಆಯಿತು, ಕಣ್ಣಲ್ಲಿ ನೀರು ಬಂತು. ಆದರೂ ಬಗ್ಗಿ ವಂದಿಸಿ, "ಬಹಳ ಉತ್ಸಾಹದ ರುಚಿ, ನೀರಜಾ ಸಾನ್" ಎಂದರು. ನನ್ನ ಕೆಲಸ ಹೋಯಿತೆಂದುಕೊಂಡೆ. ಆದರೆ ತೀರ್ಪು ಕೊಡುವವರು ಬೇರೆ, ಪರೀಕ್ಷೆಗೆಂದೇ ಕರೆಸಿದ್ದ ಸ್ವಯಂಸೇವಕರು. ಆಕಾಶದಲ್ಲಿ ತೂಕವಿಲ್ಲದೆ ಮೈಯ ನೀರೆಲ್ಲ ತಲೆಯತ್ತ ಏರಿ, ಮೂಗು ಕಟ್ಟಿ ರುಚಿ ಮಂಕಾಗುತ್ತದೆ. ಅದೇ ಸ್ಥಿತಿ ಬರಲೆಂದು ಅವರನ್ನು ಬೆಳಗಿನಿಂದ ಓರೆ ಮಂಚದಲ್ಲಿ ತಲೆ ತಗ್ಗಿಸಿ, ಕಾಲು ಎತ್ತರಿಸಿ ಮಲಗಿಸಿದ್ದೆವು. ಉಳಿದ ಪ್ಯಾಕೆಟ್ಟುಗಳನ್ನೆಲ್ಲ ಸಪ್ಪೆ ಎಂದು ಪಕ್ಕಕ್ಕಿಟ್ಟವರು ನನ್ನದನ್ನು ಬಾಚಿ ಬಾಚಿ ತಿಂದರು. "ಸುಮಿಮಾಸೆನ್, ಕ್ಷಮಿಸಿ, ಇನ್ನೊಂದು ಚಮಚ ಸಿಗತ್ತಾ?" ಎಂದು ಒಬ್ಬಾಕೆ ಮಲಗಿದ್ದಲ್ಲಿಂದಲೇ ಕೈ ಚಾಚಿದರು. ಅತ್ತೆ, ನಮ್ಮ ಗೊಜ್ಜು ಪಾಸಾಯಿತು! ಸಂತೋಷ ತಡೆಯಲಾರದೆ ಕಾರಿಡಾರಿನಲ್ಲಿ ನಿಂತು ಒಬ್ಬಳೇ ನಕ್ಕೆ.

ಮಾವನವರಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ. ನಿಮ್ಮ ಮಡಿಯೂ ಇರಲಿ, ಕೆಲಸಕ್ಕೆ ಬರುತ್ತದೆ.

ನಿಮ್ಮ ಸೊಸೆ,
ನೀರಜಾ

ತಾ.ಕ.: ಫೋನಿನಲ್ಲಿ ಹೇಳಲು ಧೈರ್ಯ ಬರದೆ ಪತ್ರ ಬರೆದೆ. ಪಾಸಾದ್ದರಿಂದ ಕೆಲಸವನ್ನು ಇನ್ನೂ ಮೂರು ವರ್ಷ ಮುಂದುವರಿಸಿದ್ದಾರೆ. ನಿಮ್ಮನ್ನು ಕೇಳದೆ ಒಪ್ಪಿಕೊಂಡುಬಿಟ್ಟೆ. ಯುಗಾದಿಗೆ ಬಂದು ಅಲ್ಲೇ ಇದ್ದುಬಿಡುತ್ತೇವೆ ಎಂದಿದ್ದೆ, ಆಗುವುದಿಲ್ಲ ಅತ್ತೆ. ನಮಗಾಗಿ ಮಹಡಿ ಕೋಣೆಗೆ ಬಣ್ಣ ಹೊಡೆಸಿದ್ದೀರೆಂದು ನಾದಿನಿ ಸಂಜನಾ ಹೇಳಿದಾಗ ಅಳು ಬಂತು. ಬೈಯಿರಿ. ಆದರೆ ನಿಮ್ಮ ಮಗನಿಗಲ್ಲ, ನನಗೇ ಫೋನ್ ಮಾಡಿ ಬೈಯಿರಿ.