ದೊಡ್ಡಕ್ಕನ ಪುಸ್ತಕದ ಒಂದು ಪದ

ಕರಿಬಯಲು ವಿಮಾನ ಅಂಗಳ
ಫೆಬ್ರವರಿ ೩೦, ೨೧೪೪

ಪೂಜ್ಯ ಮುತ್ತಜ್ಜ ಓಬಳೇಶಪ್ಪನವರಿಗೆ ಮರಿಮಗಳು ಪಾಲಾಕ್ಷಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನಿಮಗೆ ಈಗ ಇಪ್ಪತ್ತೆಂಟು ವರ್ಷ, ಇನ್ನೂ ಮದುವೆಯಾಗಿಲ್ಲ. ಐವತ್ತೇಳರ ಹೆಂಗಸೊಬ್ಬಳು ಮುತ್ತಜ್ಜ ಎಂದು ಕರೆದರೆ ಕಸಿವಿಸಿಯಾಗುವುದು ಸಹಜ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಪದಗಳೂ ಬರುತ್ತವೆ, ಹೊಂದಿಸಿಕೊಂಡು ಓದಿ. ಇದು ಹಿಂದೋಲೆ, ಅಂದರೆ ತೀರಿಕೊಂಡವರಿಗೆ ಅವರು ಬದುಕಿದ್ದ ದಿನಕ್ಕೆ ತಲುಪಲೆಂದು ಬರೆಯುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಿಂದೋಲೆಗೆ ಅನುಮತಿ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಲುಪಿ ಏನಾದರೂ ಬದಲಾದರೆ ನಮ್ಮ ನೆನಪೂ ಅದರ ಜೊತೆಗೇ ಬದಲಾಗುತ್ತದಂತೆ. ನನ್ನ ಓರಗೆಯವರೆಲ್ಲ ಅಮ್ಮನಿಗೋ ಗಂಡನಿಗೋ ಬರೆದಿದ್ದಾರೆ. ನಾನು ಮುಖವನ್ನೇ ನೋಡದ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮಗಳು ದೊಡ್ಡಕ್ಕನನ್ನು ಹಾರಿಸಬೇಕಾಗಿದೆ.

ದೊಡ್ಡಕ್ಕ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ರಾಷ್ಟ್ರದ ಮುಖ್ಯಸ್ಥರನ್ನು ಹೊತ್ತೊಯ್ಯುವ ಎರಡು ವಿಮಾನಗಳಿಗೆ ದೊಡ್ಡಕ್ಕ, ಚಿಕ್ಕಕ್ಕ ಎಂದು ಹೆಸರಿಟ್ಟವರು, ಅವುಗಳ ತಪಾಸಣೆ ಮಾಡುವ ನೀವೇ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಿಮ್ಮ ಕಾಲದಲ್ಲೇ ಎರಡಕ್ಕೂ ವಯಸ್ಸಾಗಿತ್ತು, ಬದಲಾಯಿಸಬೇಕೆಂಬ ಮಾತು ನಡೆದಿತ್ತು. ಮುತ್ತಜ್ಜ, ಆ ಮಾತು ಇನ್ನೂ ನಡೆಯುತ್ತಲೇ ಇದೆ.

ಚಿಕ್ಕಕ್ಕ ಈಗ ಬರೀ ಎಲುಬು. ನಲವತ್ತು ವರ್ಷಗಳಿಂದ ಅದರ ಒಂದೊಂದೇ ಭಾಗ ಕಿತ್ತು ದೊಡ್ಡಕ್ಕನಿಗೆ ಜೋಡಿಸುತ್ತಾ ಬಂದೆವು. ಇನ್ನು ಕೀಳಲು ಏನೂ ಉಳಿದಿಲ್ಲ. ದೊಡ್ಡಕ್ಕ ಹಾರುವುದು ಪಾಚಿಯಿಂದ ತೆಗೆದ ಎಣ್ಣೆಯಲ್ಲಿ. ಅದು ಒಣಮೀನಿನ ವಾಸನೆ ಹೊಡೆಯುವುದರಿಂದ ಓಡುದಾರಿಯ ಎರಡೂ ಬದಿ ಬೆಕ್ಕುಗಳು ಕಾದು ಕೂತಿರುತ್ತವೆ. ನಮ್ಮ ಮಹಾಸಂಚಾಲಕಿ, ಅಂದರೆ ಈಗಿನ ರಾಷ್ಟ್ರದ ಮುಖ್ಯಸ್ಥೆ, ಕೂರುವ ಸೀಟು ಹಳೇ ಬಸ್ಸಿನದು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಳಗಿದ್ದವರು ಹಗ್ಗ ಎಳೆದು ಹಿಡಿದುಕೊಳ್ಳಬೇಕು. ಪರದೇಶದ ರಾಯಭಾರಿಗಳೂ ಆ ಹಗ್ಗ ಹಿಡಿದಿದ್ದಾರೆ. ದೊಡ್ಡಕ್ಕನನ್ನು ರಿಪೇರಿ ಮಾಡುವ ನಮ್ಮ ಕೆಲಸ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಆಮೇಲೆ ಲೋಹ ಮುಟ್ಟಿದರೆ ಕೈ ಸುಡುತ್ತದೆ; ಸಂಜೆ ಐದರವರೆಗೆ ಊರಿಗೆ ಊರೇ ಬಿಸಿಲುಗದ ಹಾಕಿಕೊಂಡಿರುತ್ತದೆ. ಬಿಸಿಲುಗದ ಎಂದರೆ ಒಳಗೆ ಒದ್ದೆ ಸೆಣಬು ತುಂಬಿದ ದಪ್ಪ ಬಾಗಿಲು. ಅಂಥದೊಂದರ ಹಿಂದೆ ಕೂತು ಮಟಮಟ ಮಧ್ಯಾಹ್ನ ಇದನ್ನು ಬರೆಯುತ್ತಿದ್ದೇನೆ. ಮಗಳು ಇಂಚರ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ.

ಹೊಸದು ಏಕೆ ಬರಲಿಲ್ಲ ಎಂದು ಕೇಳುತ್ತೀರಿ. ನಮ್ಮ ಮುಖ್ಯಸ್ಥರು ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಗ್ರಹಚಾರಕ್ಕೆ, ಬಂದವರೆಲ್ಲ ಸರಳ ಜೀವಿಗಳು. ಈಗಿನ ಗಂಗಾಂಬಿಕೆಯವರೂ ಹಾಗೆಯೇ, ತಮ್ಮ ತಟ್ಟೆ ತಾವೇ ತೊಳೆಯುವ ಹೆಂಗಸು. ಹೋದ ವರ್ಷ ಧೈರ್ಯ ಮಾಡಿ ಕೇಳಿದೆ. "ಜನ ಒಂದು ಕೊಡ ನೀರಿಗೆ ಸಾಲು ನಿಂತವ್ರೆ. ನಂಗೆ ಹೊಸ ವಿಮಾನ ಬೇಕಾ ಪಾಲಾಕ್ಷಮ್ಮ? ಇರೋದು ಹಾರ್ತೈತಲ್ಲ!" ಎಂದರು. ಎದುರು ಮಾತಾಡಲು ನನಗೆ ನಾಚಿಕೆಯಾಯಿತು. ಆ ನಾಚಿಕೆಗೆ ಬೆಂಕಿ ಬೀಳಲಿ.

ಅದಾಗಿ ತಿಂಗಳಿಗೆ, ಇಳಿಯುವಾಗ ಮುಂದಿನ ಚಕ್ರ ಸಿಡಿಯಿತು. ದೊಡ್ಡಕ್ಕ ಮೂತಿ ಉಜ್ಜುತ್ತಾ ಓಡುದಾರಿಯ ಕೊನೆಯಲ್ಲಿ ಹೇಗೋ ನಿಂತಳು. ಒಳಗಿದ್ದವರು, ಹೊರಗಿದ್ದವರು ಎಲ್ಲ ಒಂದೇ ಉಸಿರಿಗೆ "ಸದ್ಯ!" ಎಂದೆವು. ಅವತ್ತೇ ಕಡಲೆಮಿಠಾಯಿ ಹಂಚಿದರು. ಹೊಸ ವಿಮಾನಕ್ಕಾಗಿ ಕೂತಿದ್ದ ಸಮಿತಿ, ಇಷ್ಟು ಗಟ್ಟಿಯಿರುವುದನ್ನು ಬದಲಾಯಿಸುವುದೇಕೆ ಎಂದು ಎದ್ದುಹೋಯಿತು. ಬಿದ್ದಿದ್ದರೆ ಹೊಸದು ಬರುತ್ತಿತ್ತು. ಬೀಳದಂತೆ ನೋಡಿಕೊಂಡವಳು ನಾನೇ, ಮುತ್ತಜ್ಜ, ಮೂವತ್ತು ವರ್ಷ.

ಈಗ ನಿಮ್ಮ ವಿಷಯ. ಬರುವ ಮಂಗಳವಾರ ನೀವು ದೊಡ್ಡಕ್ಕನ ಬಲ ರೆಕ್ಕೆಯ ಬುಡದ ತೊಲೆಯಲ್ಲಿ ಉಗುರಿನಷ್ಟು ಬಿರುಕು ಕಾಣುತ್ತೀರಿ. ತಪಾಸಣೆ ಪುಸ್ತಕದಲ್ಲಿ ಬರೆಯಲು ಕೂತಾಗ ಸರಿಯಾದ ಇಂಗ್ಲಿಷ್ ಪದ ಹೊಳೆಯುವುದಿಲ್ಲ. ಹೊಸ ವಿಮಾನ ಮುಂದಿನ ವರ್ಷವೇ ಬರುತ್ತದೆ ಎಂದು ಮೇಲಿನವರು ಹೇಳಿರುತ್ತಾರೆ. ನೀವು ಕನ್ನಡದಲ್ಲೇ "ಸದ್ಯಕ್ಕೆ ಹಾರಬಹುದು" ಎಂದು ಬರೆದು ಸಹಿ ಹಾಕುತ್ತೀರಿ. ಆ ಪುಟ ಈಗ ನನ್ನ ಮುಂದಿದೆ. ನಿಮ್ಮ ಅಕ್ಷರ ದುಂಡಗಿದೆ. ನಿಮ್ಮ ಮೇಲಧಿಕಾರಿಗೆ ಅದರ ಅರ್ಥ ಕೇಳಿ ತಿಳಿದ ಮೇಲೆ "ಸದ್ಯಕ್ಕೆ" ಎಂಬ ಆ ಪದ ಬಹಳ ಹಿಡಿಸಿತಂತೆ. ಅದು ನಾಳೆಗೂ ಆಗುತ್ತದೆ, ಹತ್ತು ವರ್ಷಕ್ಕೂ ಆಗುತ್ತದೆ, ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ನಿಮ್ಮ ನಂತರದವರು ಅದನ್ನೇ ಬರೆದರು, ಅವರ ನಂತರದವರೂ ಬರೆದರು. ಹೇಗೂ ಎಲ್ಲರೂ ಬರೆಯುವುದು ಅದನ್ನೇ ಎಂದು ನನ್ನ ತಂದೆಯ ಕಾಲದಲ್ಲಿ ಆ ಎರಡು ಪದಗಳನ್ನು ಹಾಳೆಯಲ್ಲೇ ಅಚ್ಚು ಹಾಕಿಸಿಬಿಟ್ಟರು. ನಮಗೆ ಉಳಿದದ್ದು ಕೆಳಗೆ ಸಹಿ ಹಾಕುವ ಗೆರೆ ಮಾತ್ರ. ಮೊನ್ನೆ ನಾನು ಅಚ್ಚಾದದ್ದರ ಮೇಲೆ ಗೀಟು ಎಳೆದು "ಹಾರಕೂಡದು" ಎಂದು ಬರೆದು ಕಳಿಸಿದೆ. ನಮೂನೆಯನ್ನು ತಿದ್ದುವಂತಿಲ್ಲ ಎಂದು ವಾಪಸು ಬಂತು. ಜೊತೆಗೆ ಒಂದು ಹೊಸ ಹಾಳೆ ಇಟ್ಟಿದ್ದರು.

ಉಗುರಿನಷ್ಟಿದ್ದ ಬಿರುಕು ಇವತ್ತು ಒಂದು ಮೊಳ ಇದೆ. ಅದರ ಮೇಲೆ ಹನ್ನೊಂದು ತೇಪೆ, ಅದರಲ್ಲಿ ನಾಲ್ಕು ನನ್ನವು. ಐದನೆಯದು ಹಾಕಲು ಗಟ್ಟಿ ಜಾಗ ಸಿಗಲಿಲ್ಲ. ನಾಳೆ ಗಂಗಾಂಬಿಕೆಯವರು ನದಿನೀರಿನ ಒಪ್ಪಂದಕ್ಕೆ ಬೆಟ್ಟಗಳಾಚೆ ಹೋಗಲೇಬೇಕು, ಆ ಬೆಟ್ಟಗಳ ಮೇಲೆ ಗಾಳಿ ಬಲು ಕೆಟ್ಟದ್ದು. ಸಂಜೆ ಐದಕ್ಕೆ ಕದ ತೆರೆದ ಕೂಡಲೇ ನನ್ನ ಕೈಕೆಳಗಿನ ಗಾದ್ರಪ್ಪ ಹಾಳೆ ಒಯ್ಯಲು ಬರುತ್ತಾನೆ. ನಾನು ಸಹಿ ಹಾಕದಿದ್ದರೆ ಅವನು ಹಾಕಬೇಕೆಂದು ಆದೇಶ ಬಂದಿದೆ. ಪಾಪ, ಅದನ್ನು ನನಗೆ ತಿಳಿಸುವಾಗ ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ಇಂಚರಳಿಗೆ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ತೊಲೆಯ ಹತ್ತಿರ ಕರೆದೊಯ್ದು ಅವಳ ಕೈಯನ್ನು ಬಿರುಕಿನ ಮೇಲೆ ಇಟ್ಟು ತೋರಿಸಿದೆ. ನಕ್ಕಳು. "ನಾನ್ ಬಿಟ್ರೆ ಇದನ್ನ ಹಾರ್ಸೋರು ಯಾರವ್ರೆ ಅಮ್ಮ? ನೀನ್ ಸಹಿ ಹಾಕು, ನಿನ್ ಸಹಿ ನೋಡಿದ್ರೆ ನಂಗೆ ಧೈರ್ಯ" ಎಂದಳು. ನಾನು ಹಾಕಿದರೆ ನನ್ನನ್ನು ನಂಬಿ ಹಾರುತ್ತಾಳೆ. ಹಾಕದಿದ್ದರೆ ಯಾರನ್ನೂ ನಂಬದೆ ಹಾರುತ್ತಾಳೆ. ಹಾರುವುದಂತೂ ತಪ್ಪುವುದಿಲ್ಲ. ನನಗೆ ಇರುವವಳು ಅವಳೊಬ್ಬಳೇ. ರೆಕ್ಕೆಯ ನೆರಳಲ್ಲಿ ತೊಟ್ಟಿಲು ಕಟ್ಟಿ ಬೆಳೆಸಿದ ಮಗಳು.

ಮುತ್ತಜ್ಜ, ಕೈಮುಗಿಯುತ್ತೇನೆ. ಮಂಗಳವಾರ ಆ ಪದ ಬರೆಯಬೇಡಿ. ನಿಮ್ಮ ಹಾಳೆಯಲ್ಲಿ ಇನ್ನೂ ಏನೂ ಅಚ್ಚಾಗಿಲ್ಲ, ಅದು ಖಾಲಿಯಿದೆ. ಇಂಗ್ಲಿಷ್ ಬರದಿದ್ದರೆ ಬೇಡ, ಕನ್ನಡದಲ್ಲೇ "ಹಾರಕೂಡದು, ಹೊಸದು ತನ್ನಿ" ಎಂದು ಬರೆಯಿರಿ. ಬೈಯುತ್ತಾರೆ, ಬೈಯಲಿ. ದೂರದ ಊರಿಗೆ ಎತ್ತಿ ಹಾಕುತ್ತಾರೆ, ಹೋಗಿ. ಸರಳತೆಯ ಮಾತು ತೆಗೆದರೆ ನನ್ನ ಹಾಗೆ ನಾಚಿಕೆಪಡಬೇಡಿ. ಮುಖ್ಯಸ್ಥರ ಜೊತೆ ಅದರಲ್ಲಿ ಹಾರಿಸುವವರು, ಬಡಿಸುವವರು, ಬರೆದುಕೊಳ್ಳುವವರು ಇಪ್ಪತ್ತು ಜನ ಇರುತ್ತಾರೆ ಎಂದು ಹೇಳಿ. ಎಲ್ಲರಿಗೂ ಮನೆಯಲ್ಲಿ ಕಾಯುವವರು ಇದ್ದಾರೆ ಎಂದು ಹೇಳಿ.

ಈ ಕಾಗದ ತಲುಪದಿದ್ದರೆ ನಾಳೆ ಸಂಜೆ, ಇಂಚರ ಮರಳುವ ಹೊತ್ತಿಗೆ, ಓಡುದಾರಿಯ ಪಕ್ಕದಲ್ಲಿ, ಆ ಬೆಕ್ಕುಗಳ ನಡುವೆ, ಆಕಾಶ ನೋಡುತ್ತಾ ನಿಂತಿರುತ್ತೇನೆ. ಇಷ್ಟೆಲ್ಲ ಬೈದ ಮೇಲೂ, "ಸದ್ಯ!" ಎಂಬ ಆ ದರಿದ್ರ ಮಾತನ್ನು ಇನ್ನೊಂದೇ ಒಂದು ಸಲ ಹೇಳುವ ಭಾಗ್ಯ ಕೊಡು ದೇವರೇ ಎಂದು ಬೇಡಿಕೊಳ್ಳುತ್ತಿರುತ್ತೇನೆ. ತಲುಪಿದರೆ, ನಾಳೆ ನನಗೆ ಅಲ್ಲಿ ನಿಲ್ಲುವ ಕೆಲಸವೇ ಇರುವುದಿಲ್ಲ.

ಇಂಚರ ಎದ್ದಳು; ಚಹಾಕ್ಕೆ ಕೂಗುತ್ತಿದ್ದಾಳೆ. ಮೇಜಿನ ಮೇಲೆ ಎರಡು ಹಾಳೆಗಳಿವೆ, ತಪಾಸಣೆಯದೊಂದು, ಈ ಕಾಗದವೊಂದು. ಅದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಇದಕ್ಕೆ ಹಾಕುತ್ತಿದ್ದೇನೆ.

ನಿಮ್ಮ ಮರಿಮಗಳು,
ಪಾಲಾಕ್ಷಿ